ಹೆಂಚಿನ ಮನೆ ಕೆಡವಿ ಪ್ರೀಫ್ಯಾಬ್ ಮನೆ: ಸಾಲ ಸಿಗುವುದೇ?

ಪ್ರಶ್ನೆ: ನರಸಾಪುರದ ಬಳಿ ತಂದೆಯವರ ಕಾಲದ ಹೆಂಚಿನ ಮನೆಯಿದೆ. ಗೋಡೆಗಳು ಬಿರುಕು ಬಿಟ್ಟಿರುವುದರಿಂದ ಅದನ್ನು ಕೆಡವಿ, ಕಾರ್ಖಾನೆಯಲ್ಲಿ ತಯಾರಾಗಿ ಬರುವ ಪ್ರೀಫ್ಯಾಬ್ ಮನೆಯನ್ನು ಕೂರಿಸಿ, ಕೈಗಾರಿಕಾ ಪ್ರದೇಶದ ನೌಕರರಿಗೆ ಬಾಡಿಗೆಗೆ ಕೊಡಬೇಕೆಂದಿದ್ದೇನೆ. ಗೃಹಸಾಲ ದೊರೆಯುವುದೇ?
– ಓದುಗರೊಬ್ಬರು, ಕೋಲಾರ

ಉತ್ತರ: ದೊರೆಯಬಹುದು, ಆದರೆ ಮನೆಯ ಅಂದಕ್ಕಿಂತ ಅದು ನೆಲಕ್ಕೆ ಹೇಗೆ ಕೂತಿದೆ ಎಂಬುದನ್ನೇ ಬ್ಯಾಂಕಿನವರು ಮೊದಲು ನೋಡುತ್ತಾರೆ. ಗೃಹಸಾಲಕ್ಕೆ ಆಧಾರವಾಗುವುದು ಸ್ಥಿರಾಸ್ತಿ. ಕಾಂಕ್ರೀಟ್ ತಳಪಾಯಕ್ಕೆ ಬೋಲ್ಟ್ ಹಾಕಿ ಬಿಗಿದು, ಮಂಜೂರಾದ ನಕ್ಷೆಯಂತೆ ನಿಲ್ಲಿಸಿದ ಮನೆಯನ್ನು ನಿವೇಶನದೊಂದಿಗೆ ಅಡಮಾನವಿಡಬಹುದು. ಕ್ರೇನಿನಿಂದ ಎತ್ತಿ ಒಯ್ಯಬಹುದಾದ ಕಂಟೈನರ್ ಮನೆಯಾದರೆ ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲವೇ ಗತಿಯಾಗುವ ಸಂಭವ ಹೆಚ್ಚು.

ಖಾತೆ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ, ಒಡಹುಟ್ಟಿದವರ ಒಪ್ಪಿಗೆ ಪಡೆದು ಅದನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಂಡು, ಪಂಚಾಯಿತಿಯಿಂದ ಇ-ಸ್ವತ್ತು (ಗ್ರಾಮದ ಆಸ್ತಿಯ ಗಣಕೀಕೃತ) ದಾಖಲೆ ಪಡೆಯಿರಿ. ಅದಕ್ಕೂ ಮೊದಲು ಹಳೆಯ ಮನೆಗೆ ಗುದ್ದಲಿ ಹಾಕಬೇಡಿ.

30 ಲಕ್ಷ ರೂಪಾಯಿವರೆಗಿನ ಗೃಹಸಾಲವನ್ನು ಆಸ್ತಿಯ ಮೌಲ್ಯದ ಶೇ 90ರಷ್ಟು ನೀಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆಯಾದರೂ ಅದು ಗರಿಷ್ಠ ಮಿತಿಯಷ್ಟೇ. ನಿಜವಾದ ತೊಡಕು ಹಣ ಬಿಡುಗಡೆಯಲ್ಲಿದೆ: ಬ್ಯಾಂಕು ಕಾಮಗಾರಿಯನ್ನು ನೋಡಿ ಕಂತುಗಳಲ್ಲಿ ಹಣ ಕೊಡುತ್ತದೆ, ತಯಾರಕರೋ ಗೋಡೆಯ ಪ್ಯಾನೆಲ್‌ಗಳು ಲಾರಿ ಹತ್ತುವ ಮೊದಲೇ ಬಹುಪಾಲು ಹಣ ಕೇಳುತ್ತಾರೆ. ಮುಂಗಡ ಕೊಡುವ ಮೊದಲು ಇವೆರಡನ್ನೂ ಹೊಂದಿಸುವ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಬಾಡಿಗೆಯಲ್ಲಿ ಪಾವತಿಸಿದ ಆಸ್ತಿ ತೆರಿಗೆ ಕಳೆದು ಉಳಿದುದರ ಶೇ 30 ಹಾಗೂ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತವಿದೆ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತಗಳು ಬಾಡಿಗೆಯನ್ನು ಮೀರಿದಾಗ ಉಂಟಾಗುವ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಬರುವುದಿಲ್ಲ.