ಸ್ನೋಮೊಬೈಲ್: ಭಾರ ಹಿಂದಕ್ಕೆ ಬರಲು ಹಿಂದಿನ ಸಸ್ಪೆನ್ಷನ್‌ನಲ್ಲಿ ಏನು ಬದಲಿಸಬೇಕು?

ಹಿಮದ ಮೇಲೆ ಓಡುವ ಸ್ನೋಮೊಬೈಲ್‌ನಲ್ಲಿ ಥ್ರಾಟಲ್ ಒತ್ತಿದಾಗ ಟ್ರ್ಯಾಕ್ (ಗಾಡಿಯನ್ನು ತಳ್ಳುವ, ಕೆಳಗೆ ಸುತ್ತುವ ರಬ್ಬರ್ ಬೆಲ್ಟ್) ಸುಮ್ನೆ ತಿರುಗಿ ಹಿಮ ಕೆದರುತ್ತದೆ, ಗಾಡಿ ಮುಂದಕ್ಕೆ ನುಗ್ಗುವುದಿಲ್ಲ ಅನ್ನುವವರಿಗೆ ಈ ಉತ್ತರ. ಹೊಸ ಶಾಕ್ ಕೊಳ್ಳುವ ಮೊದಲು ಲಿಮಿಟರ್ ಪಟ್ಟಿ ನೋಡಿ. ಟ್ರ್ಯಾಕ್ ಒಳಗೆ, ಸಸ್ಪೆನ್ಷನ್‌ನ ಮುಂದಿನ ತೋಳಿನ ಹತ್ತಿರ ಇರುವ ಗಟ್ಟಿ ಪಟ್ಟಿ ಅದು. ಆ ತೋಳು ಎಷ್ಟು ಕೆಳಕ್ಕೆ ಚಾಚಬಹುದು ಅನ್ನುವುದು ಅದರ ಕೈಯಲ್ಲಿದೆ. ಒಂದು ತೂತಿನಷ್ಟು ಸಡಿಲ ಮಾಡಿದರೆ ತೋಳು ಜಾಸ್ತಿ ಚಾಚುತ್ತದೆ, ಗಾಡಿಯ ಮೂಗು ಏಳುತ್ತದೆ, ಭಾರ ಟ್ರ್ಯಾಕ್ ಮೇಲೆ ಕೂರುತ್ತದೆ. ಎರಡು ಪಟ್ಟಿ ಇದ್ದರೆ ಎರಡನ್ನೂ ಸಮವಾಗಿ ಬಿಡಿ. ಆಮೇಲೆ ಟ್ರ್ಯಾಕ್ ಬಿಗಿ ಸರಿಯಿದೆಯಾ ನೋಡಿ.

ಇನ್ನೂ ಸಾಲದಿದ್ದರೆ ಟ್ರ್ಯಾಕ್‌ನ ಮುಂದಿನ ಶಾಕ್‌ನ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿ, ಹಿಂದಿನ ಸ್ಪ್ರಿಂಗ್ ಒಂದು ಹಂತ ಸಡಿಲಿಸಿ. ಹಿಂಭಾಗ ಕುಸಿದಷ್ಟೂ ಭಾರ ಹಿಂದಕ್ಕೆ ಬರುತ್ತದೆ. ಆದರೆ ಅತಿಯಾದರೆ ದೊಡ್ಡ ಗುಂಡಿಯಲ್ಲಿ ಸಸ್ಪೆನ್ಷನ್ ತಳ ಹೊಡೆಯುತ್ತದೆ, ಸೊಂಟಕ್ಕೆ ಪೆಟ್ಟು. ಕೆಲವು ಗಾಡಿಗಳಲ್ಲಿ ಹಿಂದಿನ ತೋಳಿನ ಬಳಿ ಕಪ್ಲಿಂಗ್ ಬ್ಲಾಕ್ (ಸಸ್ಪೆನ್ಷನ್‌ನ ಮುಂದಿನ, ಹಿಂದಿನ ತೋಳುಗಳ ಚಲನೆಯನ್ನು ಒಂದಕ್ಕೊಂದು ಜೋಡಿಸುವ ತುಂಡು) ಇರುತ್ತದೆ. ಅದನ್ನು ಮೆತ್ತನೆಯ ಹಂತಕ್ಕೆ ತಿರುಗಿಸಿದರೂ ಇದೇ ಪರಿಣಾಮ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಯವಿಟ್ಟು. ಪ್ರತಿ ಸಲವೂ ಗಟ್ಟಿ ಹಿಮದ ಮೇಲೆ ಒಂದು ತಿರುವು ತೆಗೆದುಕೊಂಡು, ಇಳಿದು ಸ್ಕೀ (ಗಾಡಿಯನ್ನು ತಿರುಗಿಸುವ ಮುಂದಿನ ಜಾರುಹಲಗೆ) ಬಿಟ್ಟ ಗೆರೆ ನೋಡಿ. ಗೆರೆ ಆಳವಾಗಿದ್ದರೆ ಸ್ಕೀಗೆ ಹಿಡಿತ ಇದೆ. ತೆಳುವಾಗಿ, ಅಡ್ಡಕ್ಕೆ ಉಜ್ಜಿದಂತಿದ್ದರೆ ಮುಂಭಾಗ ತೀರಾ ಹಗುರಾಗಿದೆ ಅಂತ ಅರ್ಥ, ಲಿಮಿಟರ್ ಪಟ್ಟಿಯನ್ನು ಮತ್ತೆ ಒಂದು ತೂತು ಎಳೆದು ಬಿಗಿ ಮಾಡಿ. ಮರಗಳ ನಡುವಿನ ಕಿರಿದಾದ ದಾರಿಯಲ್ಲಿ ಓಡಿಸುವವರಿಗೆ ಚಿಮ್ಮುವುದಕ್ಕಿಂತ ತಿರುಗುವುದೇ ಮುಖ್ಯ ಅಲ್ವಾ?