ಊಟಿಗೆ ಎರಡು ದಿನ: ಹದಿನಾಲ್ಕು ಜಾಗ ಬೇಡ, ಐದು ಸಾಕು

ಪ್ರಶ್ನೆ: ನಾವು ಬೆಂಗಳೂರಿನವರು. ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಹತ್ತು ಗಂಟೆಗೆ ಕಾರಿನಲ್ಲಿ ಊಟಿಗೆ ಹೊರಟು ಭಾನುವಾರ ರಾತ್ರಿ ವಾಪಸ್ ಬರುವ ಯೋಚನೆ. ನಾನು, ಯಜಮಾನರು, ಎರಡು ಮಕ್ಕಳು (9 ಮತ್ತು 6 ವರ್ಷ), ಜೊತೆಗೆ ಅತ್ತೆ. ಅವರಿಗೆ 71, ಮಂಡಿ ನೋವಿದೆ. ನೋಡಬೇಕಾದ ಹದಿನಾಲ್ಕು ಜಾಗಗಳ ಪಟ್ಟಿ ಮಾಡಿದ್ದೇವೆ. ಎಲ್ಲಾ ಆಗುತ್ತದಾ?

ಉತ್ತರ: ಆಗುವುದಿಲ್ಲ. ಪಟ್ಟಿಯ ಮಾತು ಆಮೇಲೆ, ಮೊದಲು ನೀವು ಹೊರಡುವ ಸಮಯ ಬದಲಾಗಬೇಕು.

ಬಂಡೀಪುರದ ಕಾಡಿನ ರಸ್ತೆಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. 2009ರಿಂದ ಹೀಗೇ ಇದೆ. ಹತ್ತಕ್ಕೆ ಬೆಂಗಳೂರು ಬಿಟ್ಟರೆ ನಡುರಾತ್ರಿ ಎರಡು ಗಂಟೆಗೆಲ್ಲ ಗುಂಡ್ಲುಪೇಟೆಯಲ್ಲಿರುತ್ತೀರಿ. ಮುಂದೆ ಬಿಡುವುದಿಲ್ಲ. ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಚೆಕ್‌ಪೋಸ್ಟ್ ಹತ್ತಿರ ಕಾರು ನಿಲ್ಲಿಸಿ, ಗಾಜು ಇಳಿಸಿದರೆ ಸೊಳ್ಳೆ, ಏರಿಸಿದರೆ ಸೆಕೆ. ಬೆಳಿಗ್ಗೆ ಆರಕ್ಕೆ ಗೇಟು ತೆಗೆದಾಗ ಕಾರಿನಲ್ಲಿದ್ದ ನಾಲ್ಕು ಜನರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಅತ್ತೆಯವರಿಗೆ ಆ ಶಿಕ್ಷೆ ಬೇಡ.

ಶುಕ್ರವಾರ ರಾತ್ರಿ ಮೈಸೂರಿನಲ್ಲಿ ಮಲಗಿ. ಶನಿವಾರ ಐದೂವರೆಗೆ ಹೊರಡಿ. ಏಳೂವರೆ ಹೊತ್ತಿಗೆ ಬಂಡೀಪುರದ ಕಾಡಿನಲ್ಲಿರುತ್ತೀರಿ. ಜಿಂಕೆ ಖಂಡಿತ ಸಿಗುತ್ತವೆ ಅನ್ನಬಹುದು, ಆನೆ ಅದೃಷ್ಟ. ಮಕ್ಕಳಿಗೆ ಮೊದಲೇ ಹೇಳಿಡಿ: ಇಲ್ಲಿ ಕಾರು ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ಮಂಗಕ್ಕೆ ಬಿಸ್ಕತ್ತು ಎಸೆಯುವಂತಿಲ್ಲ. ಸಿಕ್ಕಿಬಿದ್ದರೆ ದಂಡ.

ಕೆಕ್ಕನಹಳ್ಳದಲ್ಲಿ ತಮಿಳುನಾಡು ಶುರು. ಅಲ್ಲಿ ಇ-ಪಾಸ್ ಕೇಳುತ್ತಾರೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಹೊರಗಿನ ಖಾಸಗಿ ವಾಹನಗಳು ನೀಲಗಿರಿ ಜಿಲ್ಲೆಗೆ ಬರಲು ಇದು ಬೇಕು. ದುಡ್ಡಿಲ್ಲ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಗಾಡಿ ನಂಬರ್, ಎಷ್ಟು ಜನ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ ಎಂದು ತುಂಬಿಸಬೇಕು. ರೂಮ್ ಬುಕ್ ಆದ ದಿನವೇ ಇದನ್ನೂ ಮಾಡಿ ಮುಗಿಸಿ. ಗೇಟಿನಲ್ಲಿ ಮಾಡಿಕೊಳ್ಳೋಣ ಅಂದರೆ ಕಾಡಿನ ನಡುವೆ ನೆಟ್‌ವರ್ಕ್ ಹುಡುಕುತ್ತಾ ನಿಲ್ಲುತ್ತೀರಿ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತವೆ. ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ಗಾಡಿ ಎಂದು ಮಿತಿ ಹಾಕಿದ್ದರು.

ಅದೇ ಚೆಕ್‌ಪೋಸ್ಟ್‌ನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನೂ ತೆಗೆಸುತ್ತಾರೆ. ಮನೆಯ ಸ್ಟೀಲ್ ಬಾಟಲಿ ತುಂಬಿಸಿಕೊಂಡು ಹೋಗಿ.

ಮುಂದೆ ತೆಪ್ಪಕಾಡಿನಲ್ಲಿ ರಸ್ತೆ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ ಘಾಟ್. ನೇರಕ್ಕೆ ಗೂಡಲೂರು. ಮ್ಯಾಪ್ ನಿಮ್ಮನ್ನು ಎಡಕ್ಕೆ ಎಳೆಯುತ್ತದೆ, ಯಾಕೆಂದರೆ ಅದು ಸುಮಾರು 30 ಕಿಲೋಮೀಟರ್ ಕಡಿಮೆ. ಆದರೆ ಆ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಏರು ಎಷ್ಟು ಕಡಿದು ಅಂದರೆ ತುಂಬಿದ ಕಾರು ಮೊದಲ ಗೇರಿನಲ್ಲೇ ನರಳುತ್ತದೆ. ನೀವು ಗೂಡಲೂರಿನ ಕಡೆಯಿಂದಲೇ ಹೋಗಿ. ರಸ್ತೆ ಅಗಲ, ಏರು ನಿಧಾನ, ಅತ್ತೆಯವರ ಸೊಂಟಕ್ಕೂ ಮಕ್ಕಳ ಹೊಟ್ಟೆಗೂ ಒಳ್ಳೆಯದು. ಆದರೂ ಗೂಡಲೂರು ದಾಟಿದ ಮೇಲೆ ತಿರುವುಗಳು ಇದ್ದೇ ಇವೆ. ಬೆಳಿಗ್ಗೆ ಪೂರಿ ಬೇಡ, ಎರಡು ಇಡ್ಲಿ ಸಾಕು. ಮಕ್ಕಳ ಕೈಗೆ ಫೋನ್ ಕೊಡಬೇಡಿ. ತಲೆ ತಗ್ಗಿಸಿ ಸ್ಕ್ರೀನ್ ನೋಡುತ್ತಾ ಕೂತರೆ ನಡುವಟ್ಟಂ ತಲುಪುವುದರೊಳಗೆ ವಾಂತಿ ಗ್ಯಾರಂಟಿ.

ಗೂಡಲೂರು ದಾರಿಯ ದೊಡ್ಡ ಲಾಭ ಇನ್ನೊಂದಿದೆ. ನಿಮ್ಮ ಪಟ್ಟಿಯಲ್ಲಿರುವ ಪೈಕಾರ ಇದೇ ದಾರಿಯಲ್ಲಿ, ಊಟಿಗೆ ಸುಮಾರು 20 ಕಿಲೋಮೀಟರ್ ಮುಂಚೆಯೇ ಸಿಗುತ್ತದೆ. ಜಾಸ್ತಿ ಜನ ಮಾಡುವ ತಪ್ಪು ಏನು ಗೊತ್ತಾ? ಪೈಕಾರದ ಮುಂದೆಯೇ ಹಾದು ಊಟಿಗೆ ಹೋಗಿ, ರೂಮಿಗೆ ಬ್ಯಾಗು ಹಾಕಿ, ಮತ್ತೆ ಅದೇ ರಸ್ತೆಯಲ್ಲಿ ಪೈಕಾರಕ್ಕೆ ವಾಪಸ್ ಬರುತ್ತಾರೆ! ಹೋಗುವಾಗಲೇ ನಿಲ್ಲಿಸಿ, ಮಕ್ಕಳನ್ನು ಅಲ್ಲೇ ದೋಣಿಗೆ ಹತ್ತಿಸಿ. ಆಗ ಊಟಿ ಕೆರೆಯ ಬೋಟ್‌ಹೌಸ್ ಪಟ್ಟಿಯಿಂದ ತಾನಾಗೇ ಹೋಗುತ್ತದೆ. ಜಾನ್ ಸಲಿವನ್ 1824ರಲ್ಲಿ ಕಟ್ಟಿಸಿದ ಕೆರೆ ಅದು, ಚರಿತ್ರೆ ಇದೆ, ನಿಜ. ಆದರೆ ಶನಿವಾರ ಮಧ್ಯಾಹ್ನ ಅಲ್ಲಿ ಚರಿತ್ರೆ ಕಾಣುವುದಿಲ್ಲ, ಕ್ಯೂ ಕಾಣುತ್ತದೆ.

ಮಧ್ಯಾಹ್ನ ಊಟ, ಒಂದು ಗಂಟೆ ನಿದ್ದೆ. ಮೂರೂವರೆಗೆ ಸಸ್ಯೋದ್ಯಾನ. 1848ರಲ್ಲಿ ಶುರುವಾದ ತೋಟ. ಇಡೀ ತೋಟ ಗುಡ್ಡದ ಇಳಿಜಾರಿನಲ್ಲಿದೆ, ಮೇಲೆ ಹೋದಷ್ಟೂ ಏರು. ಆದರೆ ಗೇಟಿನ ಹತ್ತಿರದ ಕೆಳಗಿನ ಹುಲ್ಲುಹಾಸು ಹೆಚ್ಚುಕಡಿಮೆ ಸಮತಟ್ಟು. ಅತ್ತೆಯವರು ಅಲ್ಲಿ ಬೆಂಚಿನ ಮೇಲೆ ಕೂರಲಿ, ಬಿಸಿಲು ಬೀಳುವ ಬೆಂಚು ನೋಡಿ ಕೂರಿಸಿ. ನೀವು ಮಕ್ಕಳನ್ನು ಕರೆದುಕೊಂಡು ಮೇಲೆ ಹೋಗಿ ಕಲ್ಲಾದ ಮರದ ದಿಮ್ಮಿ ತೋರಿಸಿ. ಅದಕ್ಕೆ 2 ಕೋಟಿ ವರ್ಷ ಎನ್ನುತ್ತಾರೆ. ಮುಟ್ಟಿದರೆ ಕಲ್ಲು, ನೋಡಿದರೆ ಮರ. ಹೂವಿಗಿಂತ ಮಕ್ಕಳಿಗೆ ಅದೇ ನೆನಪಿರುತ್ತದೆ.

ಭಾನುವಾರ ಬೆಳಿಗ್ಗೆ ಪುಟಾಣಿ ರೈಲು. ಊಟಿಯಿಂದ ಕೂನೂರಿಗೆ ಒಂದು ಗಂಟೆಯ ಚಿಲ್ಲರೆ ಪ್ರಯಾಣ. ಲವ್‌ಡೇಲ್, ಕೇತ್ತಿ, ಅರುವಂಕಾಡು, ವೆಲ್ಲಿಂಗ್ಟನ್ ದಾಟಿ ಕೂನೂರು. ಟಿಕೆಟ್ ಹುಡುಕುವಾಗ ‘ಊಟಿ’ ಎಂದು ಹುಡುಕಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ರೈಲ್ವೆಯವರ ಲೆಕ್ಕದಲ್ಲಿ ಸ್ಟೇಷನ್ ಹೆಸರು ಉದಗಮಂಡಲಂ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ವಾರಾಂತ್ಯದ ಸೀಟು ಬೇಗ ಖಾಲಿ. ಯಜಮಾನರು ಕಾರಿನಲ್ಲಿ ಕೂನೂರಿಗೆ ಇಳಿಯಲಿ. ಅವರಿಗೆ ಸ್ವಲ್ಪ ಅನ್ಯಾಯವೇ, ಏನು ಮಾಡೋದು, ಸ್ಟೇಷನ್‌ನಲ್ಲಿ ಕಾರು ಕಾಯುತ್ತಿದ್ದರೆ ಉಳಿದ ನಾಲ್ವರಿಗೆ ಸುಖ.

ಕೂನೂರಿನಲ್ಲಿ ಸಿಮ್ಸ್ ಪಾರ್ಕ್ ನೋಡಿ. ಆದರೆ ಒಂದು ವಿಷಯ: ಈ ಪಾರ್ಕ್ ಒಂದು ಕಣಿವೆಯೊಳಗೆ ಇಳಿಯುತ್ತದೆ. ಬರುವಾಗ ಇಳಿಜಾರು, ಎಲ್ಲರೂ ನಗುತ್ತಾ ಇಳಿಯುತ್ತಾರೆ. ವಾಪಸ್ ಹತ್ತುವಾಗ ಮಂಡಿ ಮಾತಾಡುತ್ತದೆ. ಅತ್ತೆಯವರ ಜೊತೆ ಮೇಲಿನ ಭಾಗದಲ್ಲೇ ಕೂತು ಬನ್ನಿ.

ಹನ್ನೊಂದೂ ಮುಕ್ಕಾಲಿಗೆ ಕೂನೂರು ಬಿಡಿ. ಊಟಿಯಲ್ಲಿ ಊಟ ಮಾಡಿ ಒಂದೂವರೆಗೆ ಗೂಡಲೂರು ದಾರಿ ಹಿಡಿಯಿರಿ. ಎಷ್ಟೇ ತಡವಾದರೂ ಮೂರು ದಾಟಬೇಡಿ. ರಾತ್ರಿ 9ರ ಗೇಟು ವಾಪಸ್ ಬರುವಾಗಲೂ ಅಷ್ಟೇ ಬಿಗಿ, ಭಾನುವಾರ ಸಂಜೆ ಗೂಡಲೂರಿನಲ್ಲಿ ಗಾಡಿ ಸಾಲು ಬೇರೆ. ಕಲ್ಲಟ್ಟಿ ಘಾಟ್‌ನಲ್ಲಿ ಇಳಿದು ಸಮಯ ಉಳಿಸೋಣ ಅನ್ನುವ ಆಸೆ ಬೇಡ. ಬ್ರೇಕ್ ಫೇಲಾಗಿ ಅಪಘಾತಗಳಾದ ಮೇಲೆ ಹೊರಗಿನ ಗಾಡಿಗಳನ್ನು ಆ ಕಡೆ ಇಳಿಯಲು ಬಿಡುವುದಿಲ್ಲ. ಗೂಡಲೂರು ಇಳಿಜಾರಿನಲ್ಲೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಎರಡನೇ ಗೇರಿಗೆ ಹಾಕಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಕಾಫಿ ಕುಡಿಯಿರಿ.

ದೊಡ್ಡಬೆಟ್ಟ ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಬಿಟ್ಟಿದ್ದೇನೆ. 2,637 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ 700 ಮೀಟರ್ ಎತ್ತರ. ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಚೆಂದ. ಹತ್ತು ಗಂಟೆಯ ಮೇಲೆ ಹೋದರೆ ಎಷ್ಟೋ ದಿನ ಬಿಳಿ ಮಂಜಿನ ಗೋಡೆ ನೋಡಿ ಬರಬೇಕು, ಜೊತೆಗೆ ಕಾರುಗಳ ಸಾಲು. ರೈಲು ಟಿಕೆಟ್ ಸಿಗದಿದ್ದರೆ ಮಾತ್ರ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ. ಉಳಿದ ಮೇಣದ ಬೊಂಬೆ ಮನೆ, ಥ್ರೆಡ್ ಗಾರ್ಡನ್ ಎಲ್ಲಾ ಮಳೆ ಬಂದರೆ ನೋಡುವ ಜಾಗಗಳು.

ರೂಮ್ ಬಗ್ಗೆ ಒಂದೇ ಮಾತು. ಫೋಟೋ ನೋಡಿ ಬುಕ್ ಮಾಡಬೇಡಿ, ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಕಾರು ನಿಲ್ಲಿಸಿದ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು? ಬಿಸಿನೀರು ಎಷ್ಟರಿಂದ ಎಷ್ಟು ಗಂಟೆವರೆಗೆ? ಹೀಟರ್‌ಗೆ ಬೇರೆ ದುಡ್ಡಾ? ನಾನು ಒಮ್ಮೆ ‘ಕಣಿವೆಯ ನೋಟ’ ಅಂತ ನಂಬಿ ಹಿಡಿದ ಲಾಡ್ಜ್‌ಗೆ ರಸ್ತೆಯಿಂದ 46 ಮೆಟ್ಟಿಲು ಇಳಿಯಬೇಕಿತ್ತು. ಕಣಿವೆ ಚೆನ್ನಾಗಿಯೇ ಕಂಡಿತು, ಯಾಕೆಂದರೆ ನಾವು ಅದರೊಳಗೇ ಇದ್ದೆವು.

ಪ್ರಶ್ನೆ: ನಾವಿಬ್ಬರು ಗೆಳತಿಯರು, ಮೈಸೂರಿನವರು. ಕಾರಿಲ್ಲ. ಬಸ್ಸಿನಲ್ಲಿ ಹೋದರೆ ನಮಗೂ ಇ-ಪಾಸ್ ಬೇಕಾ?

ಉತ್ತರ: ಬೇಡ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಆ ತಲೆನೋವಿಲ್ಲ. ಗೂಡಲೂರು ದಾರಿಯಲ್ಲಿ ಮೈಸೂರಿನಿಂದ ಊಟಿ ಸುಮಾರು 155 ಕಿಲೋಮೀಟರ್. ಬೆಳಗಿನ ಬಸ್ಸು ಹಿಡಿಯಿರಿ, ಕಿಟಕಿ ಸೀಟು ಹಿಡಿಯಿರಿ. ಅಲ್ಲಿ ಇಳಿದ ಮೇಲೆ ಊಟಿಯಿಂದ ಕೂನೂರು, ಕೋಟಗಿರಿಗೆ ಲೋಕಲ್ ಬಸ್ಸುಗಳು ಧಾರಾಳವಾಗಿವೆ. ಬಸ್‌ಸ್ಟ್ಯಾಂಡೂ ರೈಲ್ವೆ ಸ್ಟೇಷನ್ನೂ ಹತ್ತಿರ ಹತ್ತಿರ, ಅದರ ಸುತ್ತಲೇ ರೂಮ್ ಮಾಡಿ.

ನಿಮ್ಮಿಬ್ಬರಿಗೆ ನಾನು ಕೋಟಗಿರಿಯನ್ನೇ ಹೇಳುತ್ತೇನೆ. ಜನ ಕಡಿಮೆ. ಹೋಗುವಾಗ ಬಸ್ಸಿನ ಬೋರ್ಡು, ಊರಿನ ಬೋರ್ಡು ಓದುತ್ತಾ ಹೋಗಿ. ಲಿಪಿ ತಮಿಳು, ಹೆಸರು ನಮ್ಮ ಕಿವಿಗೆ ನಮ್ಮದೇ: ಒಂದರ ಹಿಂದೆ ಒಂದು ‘ಹಟ್ಟಿ’ ಬರುತ್ತವೆ. ದೊಡ್ಡಬೆಟ್ಟಕ್ಕಂತೂ ಅನುವಾದವೇ ಬೇಡ ಅಲ್ವಾ? ಈ ಬೆಟ್ಟಗಳ ಬಡಗರ ಮಾತು ಕನ್ನಡಕ್ಕೆ ಅಷ್ಟು ಹತ್ತಿರ. ಬಡಗ ಅಂದರೆ ಬಡಗಣದವರು, ಉತ್ತರದಿಂದ ಬಂದವರು. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಬಡಗರವರಾದರೆ ನಿಧಾನವಾಗಿ ಕನ್ನಡದಲ್ಲೇ ಮಾತಾಡಿಸಿ ನೋಡಿ. ನನಗೆ ಒಮ್ಮೆ ಹಾಗೆ ಮಾತಾಡಿಸಿದ್ದಕ್ಕೆ ಮಡಿಲಿನ ಚೀಲದಿಂದ ಎರಡು ಕ್ಯಾರೆಟ್ ಸಿಕ್ಕಿದ್ದವು, ಸೊಪ್ಪಿನ ಸಮೇತ.

ಪ್ರಶ್ನೆ: ನೀಲಗಿರಿ ರೈಲಿನಲ್ಲಿ ಪೂರ್ತಿ ದಾರಿ ಹೋಗಬೇಕೆಂಬುದು ನಮ್ಮ ತಂದೆಯವರ ಬಹುಕಾಲದ ಆಸೆ. ಮೈಸೂರು ಕಡೆಯಿಂದ ಹೋಗಿ ಅದನ್ನೂ ಸೇರಿಸಿಕೊಳ್ಳಬಹುದಾ?

ಉತ್ತರ: ಮೈಸೂರು ಕಡೆಯಿಂದ ಹೋದರೆ ನೀವು ಬೆಟ್ಟದ ಹಿಂಬಾಗಿಲಿನಿಂದ ಹತ್ತುತ್ತೀರಿ. ರೈಲು ಹತ್ತುವುದು ಆ ಕಡೆಯ ಮೇಟ್ಟುಪಾಳ್ಯಂನಿಂದ. ತಂದೆಯವರ ಆಸೆ ರೈಲೇ ಆಗಿದ್ದರೆ, ಹಿಂದಿನ ದಿನ ಕೊಯಮತ್ತೂರಿಗೆ ಹೋಗಿ ಉಳಿದು ಬೆಳಿಗ್ಗೆ ಏಳರ ಸುಮಾರಿಗೆ ಹೊರಡುವ ರೈಲು ಹಿಡಿಯಿರಿ. 46 ಕಿಲೋಮೀಟರ್‌ಗೆ ಐದು ಗಂಟೆಗೆ ಸ್ವಲ್ಪ ಕಡಿಮೆ!

ಆ ನಿಧಾನಕ್ಕೆ ಕಾರಣವಿದೆ. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟೆಂದರೆ, 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹೋಗಬೇಕು. ಬರೀ ಕಬ್ಬಿಣದ ಚಕ್ರ ಜಾರುತ್ತದೆ. ಹಾಗಾಗಿ ಹಳಿಗಳ ನಡುವೆ ಹಲ್ಲಿರುವ ಪಟ್ಟಿ ಹಾಕಿದ್ದಾರೆ, ಎಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಎಂಜಿನ್ ಮುಂದೆ ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಈ ಕೆಳಗಿನ ಭಾಗದಲ್ಲಿ ಅದು ಉಗಿಬಂಡಿ. ಕೂನೂರಿನಲ್ಲಿ ಎಂಜಿನ್ ಬದಲಾಗಿ ಡೀಸೆಲ್ ಬರುತ್ತದೆ, ಹಲ್ಲಿನ ಪಟ್ಟಿಯೂ ಮುಗಿಯುತ್ತದೆ. ಕೂನೂರಿನವರೆಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ರೈಲು ಬಂತು. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಂದರೆ ಊಟಿ–ಕೂನೂರು ಮಾತ್ರ ಮಾಡಿದವರು ಸುಂದರವಾದ ಅರ್ಧ ನೋಡಿರುತ್ತಾರೆ, ಚಮತ್ಕಾರದ ಅರ್ಧ ಕೆಳಗೇ ಉಳಿದಿರುತ್ತದೆ. ತಂದೆಯವರಿಗೆ ಕೆಳಗಿನದ್ದೇ ಬೇಕು. ಬೋಗಿಯಲ್ಲಿ ಶೌಚಾಲಯದ ಭರವಸೆ ಇಟ್ಟುಕೊಳ್ಳಬೇಡಿ, ನಡುವೆ ನಿಲ್ಲುವ ಸ್ಟೇಷನ್‌ನಲ್ಲಿ ಇಳಿಸಿ ಕರೆದುಕೊಂಡು ಹೋಗಿ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಳೆ ಮುಗಿದ ಮೇಲೆ ಹೋಗಬೇಕೆಂದಿದ್ದೇವೆ. ಸರಿಯಾದ ಸಮಯವೇ?

ಉತ್ತರ: ನಮ್ಮ ಕಡೆ ಮುಂಗಾರು ಮುಗಿಯುತ್ತಾ ಬಂದಿರುತ್ತದೆ. ಅಲ್ಲಿ ಅರ್ಧ ಜಿಲ್ಲೆಗೆ ಜೋರು ಮಳೆ ಶುರುವಾಗುವುದೇ ಆಗ. ಗೂಡಲೂರು, ನಡುವಟ್ಟಂ ಇರುವ ಪಶ್ಚಿಮದ ಮಗ್ಗುಲಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಜೋರು ಮಳೆ. ಕೂನೂರು, ಕೋಟಗಿರಿ ಇರುವ ಪೂರ್ವದ ಮಗ್ಗುಲಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು. ಗುಡ್ಡ ಕುಸಿದು ರೈಲು ನಿಲ್ಲುವುದೂ ಹೆಚ್ಚಾಗಿ ಈ ತಿಂಗಳುಗಳಲ್ಲೇ. ದಸರಾ ರಜೆಗೆ ಹೋಗುವುದಾದರೆ ಕೊಡೆ ಇರಲಿ, ರೈಲಿನ ಮೇಲೆ ಇಡೀ ಪ್ರವಾಸ ಕಟ್ಟಬೇಡಿ.

ನನ್ನ ಆಯ್ಕೆ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ಆಕಾಶ ಸ್ವಚ್ಛ, ಮಕ್ಕಳ ರಜೆ ಇನ್ನೂ ಶುರುವಾಗಿರುವುದಿಲ್ಲ. ಜನವರಿಯಲ್ಲಿ ತಗ್ಗಿನ ಜಾಗಗಳಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ತಣ್ಣನೆ ಗಾಳಿ ಭಾರ, ರಾತ್ರಿ ಅದು ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ತಲೈಕುಂದಾ ಕಡೆ ಬೆಳಿಗ್ಗೆ ಆರಕ್ಕೆ ಹೋದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಕಾಣುತ್ತದೆ, ಕಾರಿನ ಗಾಜಿನ ಮೇಲೆ ಉಗುರಿನಿಂದ ಹೆಸರು ಬರೆಯಬಹುದು. ಬಿಸಿಲು ಬಿದ್ದ ಕೂಡಲೇ ಮಾಯ. ಮೇ ತಿಂಗಳಲ್ಲಿ ಪುಷ್ಪ ಪ್ರದರ್ಶನ ಇರುತ್ತದೆ, ಜೊತೆಗೆ ದಕ್ಷಿಣ ಭಾರತವೇ ಇರುತ್ತದೆ.

ಪ್ರಶ್ನೆ: ಅಲ್ಲಿಂದ ಏನು ತರಬಹುದು?

ಉತ್ತರ: ವರ್ಕಿ ತನ್ನಿ. ಪದರ ಪದರವಾಗಿರುವ ಗಟ್ಟಿ ಬೇಕರಿ ತಿಂಡಿ, ಚಹಾದಲ್ಲಿ ಅದ್ದಿ ತಿನ್ನಬೇಕು. ಬಿಸಿಯಾಗಿ ಒಲೆಯಿಂದ ಬಂದದ್ದನ್ನು ಸಂಜೆ ಕೊಳ್ಳಿ. ಚಾಕೊಲೇಟ್ ತೂಕಕ್ಕೆ ಮಾರುತ್ತಾರೆ, ಒಂದು ಚೂರು ತಿಂದು ನೋಡಿ ಕೊಳ್ಳಿ. ಗೂಡಲೂರು ಇಳಿಯುವ ಹೊತ್ತಿಗೆ ಕರಗುತ್ತದೆ, ಡಿಕ್ಕಿಯಲ್ಲಿ ಇಡಬೇಡಿ.

ನೀಲಗಿರಿ ಎಣ್ಣೆಯನ್ನು ಎಲ್ಲರೂ ತರುತ್ತಾರೆ, ತನ್ನಿ. ಒಂದು ತಮಾಷೆ: ನಾವು ಕನ್ನಡದಲ್ಲಿ ಮರಕ್ಕೇ ನೀಲಗಿರಿ ಎಂದು ಹೆಸರಿಟ್ಟುಬಿಟ್ಟಿದ್ದೇವೆ. ಆದರೆ ಆ ಮರ ನೀಲಗಿರಿಯದ್ದಲ್ಲ, 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಬಂದದ್ದು. ಎಣ್ಣೆಯ ಸೀಸೆಯನ್ನು ಮಾತ್ರ ಬಟ್ಟೆ ಬ್ಯಾಗಿಗೆ ಹಾಕಬೇಡಿ. ನಮ್ಮ ಮನೆಯ ಒಂದು ಸ್ವೆಟರ್ ಮೂರು ವರ್ಷ ನೆಗಡಿ ಔಷಧಿಯ ವಾಸನೆ ಹೊಡೆಯುತ್ತಿತ್ತು.