ಟ್ರಾನ್ಸ್‌ಫಾರ್ಮರ್ ಗೋಡೆಯ ಪಕ್ಕದ ಕೋಣೆ

ಪ್ರಶ್ನೆ: ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ, ಮಗಳು ಮಲಗುವ ಕೋಣೆಯ ಗೋಡೆಗೆ ತಾಗಿಯೇ ಟ್ರಾನ್ಸ್‌ಫಾರ್ಮರ್ ಕೊಠಡಿಯಿದೆ. ಅದರ ವಿದ್ಯುತ್ಕಾಂತೀಯ ಕ್ಷೇತ್ರದಿಂದ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬರುತ್ತದೆಂದು ವಾಟ್ಸಾಪಿನಲ್ಲಿ ಓದಿ ವಿದ್ಯುತ್ ಕಚೇರಿಗೆ ಪತ್ರ ಬರೆದೆವು. ‘ಎಲ್ಲವೂ ನಿಯಮಾನುಸಾರ ಇದೆ, ಭಯ ಬೇಡ’ ಎಂಬ ಒಂದೇ ಸಾಲಿನ ಉತ್ತರ ಬಂತು. ಇದನ್ನು ನಂಬಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಅವರು ಬರೆದದ್ದು ಸುಳ್ಳಾಗಿರಲಿಕ್ಕಿಲ್ಲ, ಆದರೆ ನೀವು ಕೇಳಿದ್ದಕ್ಕೆ ಅದು ಉತ್ತರವಲ್ಲ. ಈ ವಿಷಯದಲ್ಲಿ ಎರಡು ಅಂಕಿಗಳು ಓಡಾಡುತ್ತವೆ, ಮತ್ತು ಕಚೇರಿಯವರು ಒಂದನ್ನು, ನಿವಾಸಿಗಳು ಇನ್ನೊಂದನ್ನು ಹಿಡಿದು ಮಾತಾಡುವುದರಿಂದಲೇ ಜಗಳ ಹುಟ್ಟುತ್ತದೆ. ಅಯಾನೀಕರಿಸದ (ಎಕ್ಸ್-ರೇಯಷ್ಟು ಶಕ್ತಿಯಿಲ್ಲದ) ವಿಕಿರಣದಿಂದ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಆಯೋಗವು 2010ರಲ್ಲಿ, ನಮ್ಮ ಮನೆಗಳಿಗೆ ಬರುವಂಥ 50 ಹರ್ಟ್ಸ್ ವಿದ್ಯುತ್ತಿಗೆ ಸೂಚಿಸಿದ ಮಟ್ಟ 200 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ). ಅದು ನರಗಳ ಮೇಲೆ ತಕ್ಷಣ ಆಗಬಹುದಾದ ಪರಿಣಾಮವನ್ನು ತಡೆಯಲು ಇರುವ ಮಿತಿ. ಮಕ್ಕಳ ರಕ್ತದ ಕ್ಯಾನ್ಸರಿನ ಅಧ್ಯಯನಗಳಲ್ಲಿ ಆ ರೋಗ ಹೆಚ್ಚಾಗಿ ಕಂಡದ್ದು ದೀರ್ಘಕಾಲದ ಸರಾಸರಿ 0.3ರಿಂದ 0.4 ಮೈಕ್ರೋಟೆಸ್ಲಾ ಮೀರಿದ ಮನೆಗಳಲ್ಲಿ. ನಡುವಿನ ಅಂತರ ಸುಮಾರು 500 ಪಟ್ಟು.

ಆ ಅಧ್ಯಯನಗಳ ಆಧಾರದಿಂದಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಈ ಕಾಂತಕ್ಷೇತ್ರಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯಿರುವ’ 2ಬಿ ವರ್ಗಕ್ಕೆ ಸೇರಿಸಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಇದೇ ಕಾರಣವೆನ್ನುವಷ್ಟು ಸಾಕ್ಷ್ಯ ಗಟ್ಟಿಯಾಗಿಲ್ಲ, ಆದರೆ ಕಡೆಗಣಿಸುವಷ್ಟು ದುರ್ಬಲವೂ ಅಲ್ಲ ಎಂಬ ನಿಲುವು ತಳೆಯಿತು. ಗ್ರಾಹಕರಿಗೆ ಹೇಳಬೇಕಾದದ್ದು ಇಷ್ಟನ್ನೇ. ಅದರ ಬದಲು ಕೆಲವರು ‘ಉಪ್ಪಿನಕಾಯಿಯೂ ಅದೇ ಪಟ್ಟಿಯಲ್ಲಿದೆ’ ಎಂದು ನಗುವುದುಂಟು. ಮಾತು ನಿಜ (ಅಲ್ಲಿರುವುದು ಪೂರ್ವ ಏಷ್ಯಾದ ತರಕಾರಿ ಉಪ್ಪಿನಕಾಯಿ, ನಮ್ಮ ಮಾವಿನ ಮಿಡಿಯಲ್ಲ), ಆದರೆ ಮಗುವಿನ ಚಿಂತೆಯಲ್ಲಿರುವವರಿಗೆ ಅದು ಅಣಕದಂತೆ ಕೇಳಿಸುತ್ತದೆ.

ಆದ್ದರಿಂದ ಎರಡನೆಯ ಪತ್ರದಲ್ಲಿ ‘ಅಪಾಯವಿದೆಯೇ’ ಎಂದು ಕೇಳಬೇಡಿ. ‘ಅಳೆದು ತೋರಿಸಿ’ ಎಂದು ಕೇಳಿ. ಕಾಂತಕ್ಷೇತ್ರವು ವೋಲ್ಟೇಜಿಗಿಂತ ಹರಿಯುವ ಕರೆಂಟನ್ನು ಅನುಸರಿಸುವುದರಿಂದ, ಮನೆಮನೆಯಲ್ಲೂ ಎಸಿ ಓಡುವ ಬೇಸಿಗೆಯ ರಾತ್ರಿ, ಮಗಳ ದಿಂಬಿನ ಬಳಿ, ನಿಮ್ಮೆದುರಿಗೇ ಅಳೆಯಬೇಕು ಮತ್ತು ಆ ಹೊತ್ತಿನ ಲೋಡನ್ನೂ ಬರೆದುಕೊಡಬೇಕು. ಮಧ್ಯಾಹ್ನ ಲೋಡಿಲ್ಲದಾಗ ಗೇಟಿನ ಹತ್ತಿರ ಅಳೆದ ಅಂಕಿಗೆ ಬೆಲೆಯಿಲ್ಲ. ಇದೇನೂ ಅತಿಯಾದ ಬೇಡಿಕೆಯಲ್ಲ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಕಂಪನಿಗಳ ಮೇಲ್ವಿಚಾರಣೆ ಮಾಡುವ ನಿಯಂತ್ರಣ ಆಯೋಗವು 1993ರಷ್ಟು ಹಿಂದೆಯೇ, ಹೊಸ ಯೋಜನೆಗಳಲ್ಲಿ ವೆಚ್ಚದ ಸುಮಾರು 4 ಶೇಕಡಾದಷ್ಟನ್ನು ಕ್ಷೇತ್ರ ತಗ್ಗಿಸಲು ಬಳಸುವ ಕ್ರಮವನ್ನು ತಂದಿತು, ಅಲ್ಲಿನ ಕಂಪನಿಗಳು ಕೇಳಿದ ಗ್ರಾಹಕರ ಮನೆಗೆ ಬಂದು ಅಳೆದುಕೊಡುತ್ತವೆ. ನಿಮಗೆ ವಿದ್ಯುತ್ ಪೂರೈಸುವುದು ಸರ್ಕಾರಿ ಕಂಪನಿಯಾದರೆ, ಹಿಂದೆ ಅಳೆದ ದಾಖಲೆಯಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನು ಕೇಳಬಹುದು.

ಇಟ್ಟಿಗೆ ಗೋಡೆಯು ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ; ಆದರೆ ಅದು ದೂರ ಹೋದಂತೆ ಬೇಗ ಇಳಿಯುತ್ತದೆ. ಪತ್ರಕ್ಕೆ ಉತ್ತರ ಬರುವವರೆಗೆ ಮಂಚವನ್ನು ಎದುರು ಗೋಡೆಗೆ ಸರಿಸಿಡಿ.